ಮಾರಾಟ ಏರಿದ್ದು ತರಬೇತಿಯಿಂದಲೇ ಎಂದು ನಂಬುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಕರ್ನಾಟಕದಲ್ಲಿ 60 ಸೀರೆ ಅಂಗಡಿಗಳಿರುವ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ನೀವಿದ್ದೀರಿ. ಜುಲೈಯಲ್ಲಿ ವ್ಯಾಪಾರ ತೀರಾ ಬಿದ್ದಿದ್ದ 10 ಅಂಗಡಿಗಳ ಸಿಬ್ಬಂದಿಗೆ ಆಗಸ್ಟ್ ಮೊದಲ ವಾರ ಮಾರಾಟದ ತರಬೇತಿ ಕೊಡಿಸಿದರು. ಆಗಸ್ಟ್ ಮುಗಿಯುವಷ್ಟರಲ್ಲಿ 8 ಅಂಗಡಿಗಳು ಚೇತರಿಸಿಕೊಂಡವು, ಹತ್ತರ ಒಟ್ಟು ವ್ಯಾಪಾರ ಶೇ. 12ರಷ್ಟು ಏರಿತು. ಉಳಿದ 50ಕ್ಕೂ ಕೊಡಿಸಿ ಎಂದು ಸಲಹೆಗಾರರು ಹೇಳುತ್ತಿದ್ದಾರೆ. "ಏನೋ ಸರಿಯಿಲ್ಲ ಅನಿಸುತ್ತಿದೆ, ಎಲ್ಲಿ ಅಂತ ಹೇಳೋಕೆ ಬರ್ತಿಲ್ಲ" ಎಂದು ಬರೆದಿದ್ದೀರಿ.

ಎಡವಟ್ಟಾಗಿರುವುದು ಆಗಸ್ಟ್‌ನ ಅಂಕಿಯಲ್ಲಲ್ಲ, ಜುಲೈಯ ಆಯ್ಕೆಯಲ್ಲಿ. ಇಂಥ ವಾದ ಯಾರೇ ತಂದರೂ ನಾನು ಫಲಿತಾಂಶದ ಹಾಳೆಯನ್ನು ಪಕ್ಕಕ್ಕಿಟ್ಟು ಮೊದಲು ಕೇಳುವುದು ಇದನ್ನು: ಈ ಮದ್ದನ್ನು ಯಾರಿಗೆ ಕೊಟ್ಟಿರಿ, ಅವರಿಗೇ ಯಾಕೆ, ಆಗಲೇ ಯಾಕೆ? ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಕಂಪನಿಗಳಲ್ಲಿ ಕಾಗೆ ಸುಮ್ಮನೆ ಬಂದು ಕೂರುವುದಿಲ್ಲ. ಮುರಿಯಲಿರುವ ಟೊಂಗೆಯನ್ನೇ ಹುಡುಕಿ ಕೂರಿಸಿರುತ್ತಾರೆ. ಹಾಗಾಗಿ ಇದನ್ನು ಬರೀ ಕಾಕತಾಳೀಯ ಎಂದು ತಳ್ಳಿಹಾಕಿದರೂ ತಪ್ಪಾಗುತ್ತದೆ.

ಒಂದು ಆಟ ಆಡಿ ನೋಡಿ. 60 ದಾಳ ಉರುಳಿಸಿ. ಎಕ್ಸೆಲ್‌ನಲ್ಲಿ 60 ಸಾಲುಗಳಿಗೆ 1ರಿಂದ 6ರೊಳಗೆ ಯಾವುದಾದರೊಂದು ಅಂಕಿ ತಾನಾಗಿ ಬೀಳುವಂತೆ ಮಾಡಿದರೂ ಸಾಕು. ಸುಮಾರು 10 ದಾಳಗಳಲ್ಲಿ 1 ಬಿದ್ದಿರುತ್ತದೆ. ಆ ಹತ್ತನ್ನು ಮಾತ್ರ ಎತ್ತಿಕೊಂಡು, ಚೆನ್ನಾಗಿ ಗದರಿಸಿ, ಮತ್ತೆ ಉರುಳಿಸಿ. ಆರರಲ್ಲಿ ಐದು ಪಾಲು, ಅಂದರೆ ಹತ್ತರಲ್ಲಿ ಸುಮಾರು ಎಂಟು, ಸುಧಾರಿಸುತ್ತವೆ. ಸರಾಸರಿ 1ರಿಂದ 3.5ಕ್ಕೆ ಏರುತ್ತದೆ. ಹತ್ತರಲ್ಲಿ ಎಂಟು: ನಿಮ್ಮ ಸಲಹೆಗಾರರು ತೋರಿಸಿದ್ದೂ ಇದೇ ಅಂಕಿ.

ಇದಕ್ಕೆ ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರಿಗೆ ಇದು ಹೊಳೆದದ್ದು ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಹೇಳುವಾಗ. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಸುಧಾರಿಸುತ್ತಾನೆ, ಆದ್ದರಿಂದ ಬೈಗುಳವೇ ಮದ್ದು ಎಂಬುದು ಆ ತರಬೇತುದಾರರ ಅನುಭವ. ಅವರು ಕಂಡದ್ದು ನಿಜ, ಕಟ್ಟಿಕೊಂಡ ಕಾರಣ ಸುಳ್ಳು. ಅತಿ ಒಳ್ಳೆಯ ಹಾರಾಟದ ಬೆನ್ನಿಗೆ ಸಾಧಾರಣ ಹಾರಾಟ ಬರುವುದು, ಅತಿ ಕೆಟ್ಟದ್ದರ ಬೆನ್ನಿಗೂ ಸಾಧಾರಣವೇ ಬರುವುದು, ಯಾರೂ ಬಾಯಿ ತೆರೆಯದಿದ್ದರೂ ನಡೆಯುತ್ತದೆ.

ಅಂಗಡಿಗಳು ದಾಳಗಳಲ್ಲ, ಒಪ್ಪಿದೆ. ದಾವಣಗೆರೆಯ ದೊಡ್ಡ ಅಂಗಡಿ ಸದಾ ಮೇಲೇ ಇರುತ್ತದೆ, ಸಣ್ಣ ಊರಿನದು ಸದಾ ಕೆಳಗೆ. ಹಾಗಾಗಿ ಚೇತರಿಕೆ ಪೂರ್ತಿ ತಾನಾಗಿಯೇ ಆಗುವುದಿಲ್ಲ, ಒಂದು ಪಾಲು ಮಾತ್ರ ಆಗುತ್ತದೆ. ಆ ಪಾಲನ್ನು ಅಳೆಯಬಹುದು. ತರಬೇತಿ ಇಲ್ಲದ ಹಿಂದಿನ ಯಾವುದಾದರೂ ವರ್ಷದ ಜುಲೈ ಮತ್ತು ಆಗಸ್ಟ್ ವ್ಯಾಪಾರವನ್ನು ಎರಡು ಕಾಲಂನಲ್ಲಿ ಹಾಕಿ ಕೊರಿಲೇಷನ್ ತೆಗೆಯಿರಿ (ಎರಡು ತಿಂಗಳ ಅಂಕಿಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ; 1 ಅಂದರೆ ಪೂರ್ತಿ ಜೊತೆ, 0 ಅಂದರೆ ನಂಟೇ ಇಲ್ಲ). ಅದು 0.6 ಬಂದರೆ, ಅಂಗಡಿಗಳ ನಡುವಿನ ಏರುಪೇರು ಎರಡೂ ತಿಂಗಳು ಹೆಚ್ಚುಕಡಿಮೆ ಒಂದೇ ಇದ್ದಲ್ಲಿ, ಸರಾಸರಿಗಿಂತ 10 ಲಕ್ಷ ಕೆಳಗಿದ್ದ ಅಂಗಡಿ ಮುಂದಿನ ತಿಂಗಳು 6 ಲಕ್ಷ ಮಾತ್ರ ಕೆಳಗಿರುತ್ತದೆ. 4 ಲಕ್ಷ ಪುಕ್ಕಟೆ ಚೇತರಿಕೆ.

ಕೊರಿಲೇಷನ್ ಎಂದರೆ ಮೀಟಿಂಗ್‌ನಲ್ಲಿ ಕಣ್ಣು ಮಂಜಾಗುತ್ತವೆ ಅಂತಿದ್ದರೆ ಇನ್ನೂ ಸುಲಭದ ದಾರಿ ಇದೆ. ಕಳೆದ ವರ್ಷದ ಜುಲೈಯಲ್ಲಿ ತೀರಾ ಕೆಳಗಿದ್ದ 10 ಅಂಗಡಿಗಳನ್ನು ಹೆಕ್ಕಿ, ಆ ವರ್ಷ ಆಗಸ್ಟ್‌ನಲ್ಲಿ ಅವು ಎಷ್ಟು ಏರಿದವು ಎಂದು ತೋರಿಸಿ. ಅದರ ಹಿಂದಿನ ವರ್ಷದ್ದನ್ನೂ ಜೊತೆಗಿಡಿ. ತರಬೇತಿಯ ಹೆಸರೇ ಇಲ್ಲದ ಆ ವರ್ಷಗಳಲ್ಲೂ ಶೇ. 10, 11 ಏರಿಕೆ ಕಂಡರೆ ಅರ್ಧ ಚರ್ಚೆ ಅಲ್ಲಿಗೇ ಮುಗಿಯಿತು.

ಎರಡನೇ ಪರೀಕ್ಷೆ ಏರಿಕೆಯನ್ನು ಬಿಡಿಸಿ ನೋಡುವುದು. ವ್ಯಾಪಾರ ಅಂದರೆ ಬಂದ ಗಿರಾಕಿಗಳು × ಅವರಲ್ಲಿ ಕೊಂಡವರ ಪಾಲು × ಒಂದು ಬಿಲ್ಲಿನ ಸರಾಸರಿ. ಒಂದು ಅಂಗಡಿಯ ಜುಲೈ ಲೆಕ್ಕ 1,000 ಗಿರಾಕಿಗಳು, ಶೇ. 40 ಮಂದಿ ಕೊಂಡರು, ಬಿಲ್ 4,500 ರೂ. ಅಂದರೆ 18 ಲಕ್ಷ ಎಂದಿಟ್ಟುಕೊಳ್ಳಿ. ಆಗಸ್ಟ್‌ನಲ್ಲಿ 1,122 ಗಿರಾಕಿಗಳು, ಅದೇ ಶೇ. 40, ಅದೇ 4,500 ರೂ. ಆದರೂ ಸುಮಾರು 20.2 ಲಕ್ಷ ಆಗುತ್ತದೆ, ಶೇ. 12 ಏರಿಕೆ. ಆದರೆ ತರಬೇತಿ ಕಲಿಸುವುದು ಬಂದವರಿಗೆ ಸೀರೆ ಬಿಚ್ಚಿ ತೋರಿಸಿ ಒಪ್ಪಿಸುವುದನ್ನು. ಬೀದಿಯಲ್ಲಿ ಹೋಗುವವರನ್ನು ಒಳಗೆ ಕರೆತರುವುದನ್ನಲ್ಲ. ಅದು ಕೆಲಸ ಮಾಡಿದ್ದರೆ ಕೊಂಡವರ ಪಾಲು ಏರಬೇಕಿತ್ತು, ಇಲ್ಲವೇ ಬಿಲ್ ದೊಡ್ಡದಾಗಬೇಕಿತ್ತು. ಬರೀ ಬರುವ ಗಿರಾಕಿಗಳ ಸಂಖ್ಯೆ ಹೆಚ್ಚಿದ್ದರೆ ಶ್ರೇಯಸ್ಸು ಬೇರೆಯವರದು. ಗಿರಾಕಿ ಎಣಿಸುವ ಯಂತ್ರ ಬಾಗಿಲಲ್ಲಿ ಇಲ್ಲದಿದ್ದರೆ ಬಿಲ್ಲುಗಳ ಸಂಖ್ಯೆ ಮತ್ತು ಒಂದು ಬಿಲ್ಲಿಗೆ ಎಷ್ಟು ಸೀರೆ ಎಂಬುದನ್ನಾದರೂ ನೋಡಿ.

ಇನ್ನು ಪಂಚಾಂಗ. ನಿಮ್ಮ ವ್ಯಾಪಾರದಲ್ಲಿ ಇದೇ ದೊಡ್ಡ ಕಳ್ಳ. ಜುಲೈ ಅಂದರೆ ಬಹುಪಾಲು ಆಷಾಢ: ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಆಗಸ್ಟ್‌ಗೆ ಶ್ರಾವಣ, ವರಮಹಾಲಕ್ಷ್ಮಿ. ಈ ಏರಿಕೆಗೆ ತರಬೇತಿಯೇ ಕಾರಣ ಎನ್ನುವುದು, ನನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದು ಎಂದ ಅಜ್ಜಿಯ ಲೆಕ್ಕ. ಆಷಾಢ ಸೇಲ್‌ಗೂ ಇದೇ ಮಾತು, ಅಲ್ಲಿ ತಪ್ಪು ತಿರುವುಮುರುವಾಗಿರುತ್ತದೆ ಅಷ್ಟೆ: ಶ್ರಾವಣದಲ್ಲಿ ಹೇಗೂ ಕೊಳ್ಳುತ್ತಿದ್ದವರು ರಿಯಾಯಿತಿ ನೋಡಿ ಒಂದು ತಿಂಗಳು ಮುಂಚೆ ಕೊಂಡಿರುತ್ತಾರೆ. ಸೇಲ್‌ನ ಲಾಭ ಲೆಕ್ಕ ಹಾಕುವಾಗ ಮುಂದಿನ 6 ವಾರದ ಕುಸಿತವನ್ನೂ ಕಳೆಯಬೇಕು.

ಕಳೆದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿದ್ದೇವೆ ಎಂದು ಎದೆತಟ್ಟಿ ಹೇಳುವವರೂ ಎಡವುತ್ತಾರೆ. ನರಕ ಚತುರ್ದಶಿ 2022ರಲ್ಲಿ ಅಕ್ಟೋಬರ್ 24, 2023ರಲ್ಲಿ ನವೆಂಬರ್ 12. ಅಕ್ಟೋಬರ್‌ಗೆ ಅಕ್ಟೋಬರ್ ಹೋಲಿಸಿದರೆ 2023 ಸೋತಂತೆ ಕಾಣುತ್ತದೆ, ನವೆಂಬರ್‌ಗೆ ನವೆಂಬರ್ ಹೋಲಿಸಿದರೆ ಗೆದ್ದಂತೆ. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ ಬೇರೆ. ಅಂದರೆ ಮದುವೆಯಿಲ್ಲದ ದಿನಗಳು ಆಷಾಢ ಮುಗಿದ ಮೇಲೂ ಒಂದು ತಿಂಗಳು ಹಿಗ್ಗಿದವು. ಯುಗಾದಿಯ ಕಥೆ ಇನ್ನೂ ಮಜವಾಗಿದೆ. 2022ರಲ್ಲಿ ಏಪ್ರಿಲ್ 2, 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಲೆಕ್ಕ ಹಾಕಿ: 2022-23ರ ಹಣಕಾಸು ವರ್ಷಕ್ಕೆ ಎರಡು ಯುಗಾದಿ, 2023-24ಕ್ಕೆ ಒಂದೂ ಇಲ್ಲ, 2024-25ಕ್ಕೆ ಮತ್ತೆ ಎರಡು! ಹಾಗಂತ ಹಬ್ಬಗಳನ್ನು ಎಣಿಸಿಬಿಟ್ಟರೂ ಸಾಲದು. ಖರೀದಿ ಹಬ್ಬಕ್ಕೆ ಮುಂಚೆ ನಡೆಯುವುದರಿಂದ 2022ರ ಯುಗಾದಿ ವ್ಯಾಪಾರ ಬಹುಪಾಲು ಮಾರ್ಚ್‌ಗೇ, ಅಂದರೆ ಹಿಂದಿನ ವರ್ಷದ ಲೆಕ್ಕಕ್ಕೇ, ಸೇರಿರುತ್ತದೆ. ಸರಿಯಾದ ಕ್ರಮ ಅಂದರೆ ತಾರೀಖನ್ನು ಬಿಟ್ಟು, ಹಬ್ಬದ ದಿನವನ್ನು ಸೊನ್ನೆ ಎಂದಿಟ್ಟು, ಅದಕ್ಕೆ ಹಿಂದಿನ 21 ದಿನವನ್ನು ಎರಡೂ ವರ್ಷಕ್ಕೆ ಸಾಲಾಗಿ ಜೋಡಿಸುವುದು. ಜೊತೆಗೆ ಎರಡೂ ವರ್ಷ ತೆರೆದಿದ್ದ ಅಂಗಡಿಗಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಒಂದು ಎಚ್ಚರಿಕೆ. "ಬೇರೆ ಕಾರಣವೂ ಇರಬಹುದಲ್ಲ" ಎಂದಷ್ಟೇ ಹೇಳಿ ಕೂತುಬಿಡಬೇಡಿ. ಅದು ಸೋಮಾರಿಗಳ ಆಕ್ಷೇಪ, ಯಾವ ವಾದದ ಮೇಲೂ ಎಸೆಯಬಹುದು. ಆ ಬೇರೆ ಕಾರಣದ ಹೆಸರು ಹೇಳಿ, ಅದು ಬಿಟ್ಟುಹೋಗುವ ಹೆಜ್ಜೆಗುರುತನ್ನೂ ಹೇಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಯಿತು. ಆ ವರ್ಷ ಯಾವುದೋ ಜಾಹೀರಾತಿನಿಂದ ವ್ಯಾಪಾರ ಏರಿತು ಎಂದು ಯಾರಾದರೂ ಹೇಳಿದರೆ, ಇಲ್ಲ ಬಸ್ಸಿನಿಂದ ಎಂದು ನೀವು ವಾದಿಸಬಹುದು. ಹಾಗಿದ್ದಲ್ಲಿ ಏರಿಕೆ ಜಾಹೀರಾತಿನ ದಿನದಿಂದಲ್ಲ, ಜೂನ್ ಮಧ್ಯದಿಂದ ಶುರುವಾಗಿರಬೇಕು. ಬಸ್ ನಿಲ್ದಾಣದ ಹತ್ತಿರದ ಅಂಗಡಿಗಳಲ್ಲಿ ಹೆಚ್ಚು, ಕಾರಿನಲ್ಲೇ ಬರುವ ಬಡಾವಣೆಯ ಅಂಗಡಿಗಳಲ್ಲಿ ಕಡಿಮೆ ಇರಬೇಕು. ಜಾಹೀರಾತು ಹೋಗದ ಊರುಗಳಲ್ಲೂ ಕಾಣಬೇಕು. ಈ ಮೂರೂ ಕಾಣದಿದ್ದರೆ ನಿಮ್ಮ ಕಾರಣವನ್ನೇ ಕೈಬಿಡಿ.

(ಇದೇನೂ ಹೊಸ ಮಾತಲ್ಲ. ಮಣ್ಣು ಹೊತ್ತು ತಂದ ಕತ್ತೆ ಮಡಕೆ ಹುಟ್ಟುವ ಮುಂಚೆ ಕುಂಬಾರನ ಮನೆಮುಂದೆ ನಿಂತಿತ್ತು ಅಂದಮಾತ್ರಕ್ಕೆ ಅದು ಮಡಕೆಗೆ ಕಾರಣವಾಗದು ಎಂದು ನ್ಯಾಯದರ್ಶನದವರು, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದವರು, ವಿಂಗಡಿಸಿಟ್ಟಿದ್ದಾರೆ. ಅವರ ಭಾಷೆಯಲ್ಲಿ ಆ ಕತ್ತೆ ಅನ್ಯಥಾಸಿದ್ಧ, ಅಂದರೆ ಅದಿಲ್ಲದೆಯೂ ಕೆಲಸ ಆಗುತ್ತಿತ್ತು. ಕಂಪನಿಯ ಸ್ಲೈಡುಗಳಲ್ಲಿ ಕತ್ತೆಗಳಿಗೆ ಬರವಿಲ್ಲ.)

ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ: ಮುಂದಿನ ಮೀಟಿಂಗ್‌ಗೆ "ನಮ್ಮ ಆ್ಯಪ್ ಇರುವವರು ಇಲ್ಲದವರಿಗಿಂತ ಎರಡು ಪಟ್ಟು ಕೊಳ್ಳುತ್ತಾರೆ, ಎಲ್ಲರಿಗೂ ಆ್ಯಪ್ ಹಾಕಿಸೋಣ" ಎಂಬ ಸ್ಲೈಡು ಬಂದೇ ಬರುತ್ತದೆ. ಇಲ್ಲಿ ಮದ್ದನ್ನು ಹಂಚಿದವರು ಯಾರು? ಗಿರಾಕಿಗಳೇ ತಾವಾಗಿ ಆರಿಸಿಕೊಂಡರು. ಹೆಚ್ಚು ಕೊಳ್ಳುವವರೇ ಆ್ಯಪ್ ಹಾಕಿಕೊಳ್ಳುತ್ತಾರೆ. ಅವರ ಮೊಬೈಲ್ ನಂಬರ್ ಹಿಡಿದು, ಆ್ಯಪ್ ಹಾಕಿಕೊಳ್ಳುವ ಮುಂಚಿನ 6 ತಿಂಗಳ ಬಿಲ್ ತೆಗೆಸಿ. ಆಗಲೂ ಎರಡು ಪಟ್ಟೇ ಇದ್ದರೆ ಆ್ಯಪ್‌ನ ಪಾತ್ರ ಸೊನ್ನೆ.

ಜಾಹೀರಾತಿನಲ್ಲಿ ಇದೇ ತಪ್ಪು ಎಷ್ಟು ದುಬಾರಿ ಎಂಬುದಕ್ಕೆ ಆನ್‌ಲೈನ್ ಮಾರಾಟದ ಅಮೆರಿಕದ ಇಬೇ ಕಂಪನಿಯ ಪ್ರಯೋಗ ಒಳ್ಳೆಯ ಸಾಕ್ಷಿ. ತನ್ನ ಹೆಸರನ್ನೇ ಹುಡುಕುವವರಿಗೆ ಮೇಲ್ಗಡೆ ಕಾಣಿಸುವ ಜಾಹೀರಾತಿಗೆ ಅದು ಹಣ ಕೊಡುತ್ತಿತ್ತು. ಕ್ಲಿಕ್ ಮಾಡಿದವರು ಧಾರಾಳವಾಗಿ ಕೊಳ್ಳುತ್ತಿದ್ದರು, ವರದಿ ಹಸಿರಾಗಿತ್ತು. 2012ರಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಹುಡುಕಾಟದಲ್ಲಿ ಆ ಜಾಹೀರಾತನ್ನು ನಿಲ್ಲಿಸಿ ನೋಡಿದರು. ಕೈತಪ್ಪಿದ ಕ್ಲಿಕ್ಕುಗಳಲ್ಲಿ ಶೇ. 99.5ರಷ್ಟು ಕೆಳಗಿನ ಪುಕ್ಕಟೆ ಕೊಂಡಿಯ ಮೂಲಕವೇ ಬಂದವು. ಮುಂದೆ ಬೇರೆ ಪದಗಳ ಜಾಹೀರಾತನ್ನೂ ಕೆಲವು ಪ್ರದೇಶಗಳಲ್ಲಿ ನಿಲ್ಲಿಸಿ ಅಳೆದಾಗ, ಹೊಸಬರ ಮೇಲೆ ಮತ್ತು ಅಪರೂಪಕ್ಕೆ ಬರುವವರ ಮೇಲೆ ಮಾತ್ರ ಅದು ಪರಿಣಾಮ ಬೀರುತ್ತದೆ, ಖರ್ಚಿನ ದೊಡ್ಡ ಪಾಲು ಹೇಗೂ ಬರುತ್ತಿದ್ದ ಹಳಬರ ಮೇಲೆ ಹೋಗುತ್ತಿದೆ ಎಂದು ಗೊತ್ತಾಯಿತು. ಇದನ್ನು ಹಿಡಿದುಕೊಂಡು ನಿಮ್ಮ ಜಾಹೀರಾತೆಲ್ಲ ದಂಡ ಎನ್ನಬೇಡಿ. ಇಬೇ ಆಗ ಮನೆಮಾತಾಗಿದ್ದ ಹೆಸರು; ಯಾರೂ ಕೇಳದ ಅಂಗಡಿಯ ಲೆಕ್ಕ ಬೇರೆ.

ಗೆದ್ದವರನ್ನಷ್ಟೇ ನೋಡಿ "ಗೆದ್ದ ಐದು ಅಂಗಡಿಗಳಲ್ಲೂ ಈ ಪದ್ಧತಿ ಇತ್ತು" ಎನ್ನುವ ವಾದಕ್ಕೆ ಒಂದೇ ಪ್ರಶ್ನೆ ಸಾಕು: ಮುಚ್ಚಿಹೋದವುಗಳಲ್ಲಿ ಇರಲಿಲ್ಲವೇ?

ಈಗ ನಿಮ್ಮ ತರಬೇತಿಗೆ ವಾಪಸ್. ಅದು ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ, ಈ ಹತ್ತು ಅಂಗಡಿಗಳಿಂದ ಅದು ಗೊತ್ತಾಗದು ಅಷ್ಟೆ. ಗೊತ್ತಾಗಬೇಕಿದ್ದರೆ ಕೆಳಗಿನ 20 ಅಂಗಡಿ ತೆಗೆದುಕೊಂಡು, ಚೀಟಿ ಎತ್ತಿ, 10ಕ್ಕೆ ಕೊಟ್ಟು 10ಕ್ಕೆ ಬಿಡಬೇಕಿತ್ತು. ಕೊಟ್ಟವು ಅಂಗಡಿಗೆ ಸರಾಸರಿ 18 ಲಕ್ಷದಿಂದ 20.2ಕ್ಕೆ ಏರಿ, ಕೊಡದವು 18.1ರಿಂದ 19.9ಕ್ಕೆ ಏರಿದ್ದರೆ ತರಬೇತಿಯ ಪಾಲು 2.2 ಲಕ್ಷವಲ್ಲ, 2.2ರಲ್ಲಿ 1.8 ಕಳೆದು 40 ಸಾವಿರ. ಆ 40 ಸಾವಿರವೂ ಬರೀ ಅದೃಷ್ಟವೇ ಎಂದು ನೋಡಲು 20 ಅಂಗಡಿಗಳ ಏರಿಕೆಯನ್ನು 20 ಚೀಟಿಗಳಲ್ಲಿ ಬರೆದು, ಕಲಸಿ, ಸುಮ್ಮನೆ 10-10 ಗುಂಪು ಮಾಡಿ ಅಂತರ ನೋಡಿ. ಎಕ್ಸೆಲ್‌ನಲ್ಲಿ ಇದನ್ನೇ 1,000 ಸಲ ಮಾಡಿಸಿ. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಅಂತರ 300 ಸಲ ಬಂದರೆ ಅದನ್ನು ನಂಬಬೇಡಿ. 20-30 ಸಲ ಮಾತ್ರ ಬಂದರೆ ಏನೋ ಇದೆ. ಇದ್ದರೂ 40 ಸಾವಿರ ವ್ಯಾಪಾರ, ಲಾಭವಲ್ಲ. ಶೇ. 25 ಲಾಭಾಂಶ ಎಂದಿಟ್ಟರೆ ಕೈಗೆ ಉಳಿಯುವುದು ತಿಂಗಳಿಗೆ 10 ಸಾವಿರ. ತರಬೇತಿಯ ಶುಲ್ಕ, ಆ ದಿನ ಸಿಬ್ಬಂದಿ ಅಂಗಡಿಯಲ್ಲಿ ಇಲ್ಲದ ನಷ್ಟ, ಎರಡನ್ನೂ ಇದರ ಪಕ್ಕದಲ್ಲಿಡಿ.

ಮಾಲೀಕರು "ಕೆಲವರಿಗೆ ಕೊಟ್ಟು ಕೆಲವರಿಗೆ ಬಿಡುವುದು ಸರಿಯಲ್ಲ" ಎಂದರೆ ಎಲ್ಲರಿಗೂ ಕೊಡಿ, ಆದರೆ ಒಟ್ಟಿಗೆ ಬೇಡ. ಉಳಿದ 50ನ್ನು ಚೀಟಿ ಎತ್ತಿ 25-25 ಮಾಡಿ. ಒಂದೇ ಊರಿನ ಎರಡು ಅಂಗಡಿಗಳಿದ್ದರೆ ಎರಡೂ ಒಂದೇ ಚೀಟಿಯಲ್ಲಿರಲಿ. ಇಲ್ಲದಿದ್ದರೆ ಒಂದರ ಗಿರಾಕಿ ಇನ್ನೊಂದಕ್ಕೆ ಹೋದದ್ದನ್ನೇ ನೀವು ಏರಿಕೆ ಎಂದುಕೊಳ್ಳುತ್ತೀರಿ. ಮೊದಲ ತಂಡಕ್ಕೆ ಈಗ, ಎರಡನೆಯದಕ್ಕೆ 3 ತಿಂಗಳ ನಂತರ. ನಡುವಿನ ಮೂರು ತಿಂಗಳಲ್ಲಿ ಸಿಬ್ಬಂದಿಯನ್ನು ಒಂದು ತಂಡದಿಂದ ಇನ್ನೊಂದಕ್ಕೆ ವರ್ಗ ಮಾಡಬಾರದು. ಮೊದಲ ತಂಡ ಮೇಲೇರಿ ಅಂತರ ತೆರೆದುಕೊಳ್ಳಬೇಕು, ಎರಡನೇ ತಂಡಕ್ಕೆ ತರಬೇತಿ ಆದ ಮೇಲೆ ಅದು ಮುಚ್ಚಿಕೊಳ್ಳಬೇಕು. ತೆರೆಯದೇ ಹೋದರೆ ಎರಡನೇ ತಂಡದ ಹಣ ಉಳಿಯಿತು. ತೆರೆದದ್ದು ಮುಚ್ಚದಿದ್ದರೆ ಎರಡು ತಂಡಕ್ಕೂ ಒಬ್ಬರೇ ತರಬೇತುದಾರರು ಬಂದಿದ್ದರೇ ಎಂದು ವಿಚಾರಿಸಿ.