ಓದುಗರ ಪ್ರಶ್ನೆ: ವೀಸಾ ಬೇಡದ ಊರು, ಸೂರ್ಯ ಬಾರದ ಚಳಿಗಾಲ

ಉತ್ತರ ಧ್ರುವಕ್ಕೆ ಹತ್ತಿರವಿರುವ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಬಗ್ಗೆ ಬಂದ ಪ್ರಶ್ನೆಗಳಿಗೆಲ್ಲ ಈ ಸಲ ಒಟ್ಟಿಗೆ ಉತ್ತರಿಸಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ವೀಸಾ ಇಲ್ಲದೆ ಯಾರು ಬೇಕಾದರೂ ಹೋಗಿ ನೆಲೆಸಬಹುದಾದ ಊರು ಸ್ವಾಲ್‌ಬಾರ್ಡ್‌ನಲ್ಲಿದೆ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ನಿಜವೇ? ನಮಗೂ ಅನ್ವಯಿಸುತ್ತದೆಯೇ?
— ದಾವಣಗೆರೆಯ ಓದುಗರು

ಉತ್ತರ: ಅರ್ಧ ನಿಜ. ವಿಡಿಯೊಗಳು ಉಳಿದರ್ಧವನ್ನು ಹೇಳುವುದಿಲ್ಲ.

1920ರ ಫೆಬ್ರುವರಿ 9ರಂದು ಪ್ಯಾರಿಸ್ಸಿನಲ್ಲಿ ಸಹಿಯಾದ ಒಪ್ಪಂದ ಈ ದ್ವೀಪಗಳ ಒಡೆತನವನ್ನು ನಾರ್ವೆಗೆ ಕೊಟ್ಟಿತು. ಅದಕ್ಕೆ ಪ್ರತಿಯಾಗಿ, ಒಪ್ಪಂದಕ್ಕೆ ಸೇರಿದ ದೇಶಗಳ ಪ್ರಜೆಗಳೆಲ್ಲ ಅಲ್ಲಿ ಮೀನು ಹಿಡಿಯಲು, ಗಣಿ ತೋಡಲು, ವ್ಯಾಪಾರ ಮಾಡಲು ಸಮಾನ ಹಕ್ಕು ಪಡೆದರು. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಭಾರತವೂ ಆಗಲೇ ಸೇರಿತು. ಸ್ವಾಲ್‌ಬಾರ್ಡ್‌ನಲ್ಲಿ ಇರಲು, ಕೆಲಸ ಮಾಡಲು ಇಂದಿಗೂ ವೀಸಾ ಬೇಡ, ಪರವಾನಗಿಯೂ ಬೇಡ. ಒಪ್ಪಂದಕ್ಕೆ ಸೇರದ ದೇಶದವರನ್ನೂ ನಾರ್ವೆ ತಡೆಯುವುದಿಲ್ಲ.

ತೊಡಕು ದಾರಿಯಲ್ಲಿದೆ. ಅಲ್ಲಿಗೆ ವಿಮಾನ ಹೊರಡುವುದು ನಾರ್ವೆಯ ಮುಖ್ಯಭೂಮಿಯಿಂದ. ಓಸ್ಲೊದಿಂದ ಸುಮಾರು 3 ಗಂಟೆಯ ಹಾರಾಟ. ನಾರ್ವೆ ಶೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿದೆ, ಸ್ವಾಲ್‌ಬಾರ್ಡ್ ಅದರ ಹೊರಗಿದೆ. ಆದ್ದರಿಂದ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಶೆಂಗೆನ್ ವೀಸಾ ಬೇಕೇ ಬೇಕು, ಅದೂ ಕನಿಷ್ಠ ಎರಡು ಸಲ ಪ್ರವೇಶಿಸಲು ಅವಕಾಶವಿರುವಂಥದ್ದು. ಎಡವುವುದು ಇಲ್ಲೇ. ಒಂದೇ ಪ್ರವೇಶದ ವೀಸಾ ಹಿಡಿದು ಓಸ್ಲೊ ದಾಟಿದರೆ ಆ ಪ್ರವೇಶ ಅಲ್ಲಿಗೆ ಮುಗಿಯಿತು. ದ್ವೀಪದಿಂದ ವಾಪಸು ಬರುವಾಗ ಮತ್ತೆ ಶೆಂಗೆನ್ ಒಳಗೆ ಕಾಲಿಡಲು ದಾರಿಯಿಲ್ಲ. ಅರ್ಜಿಯಲ್ಲಿ ಎರಡು ಅಥವಾ ಹಲವು ಪ್ರವೇಶ ಎಂದು ಗುರುತು ಹಾಕಿ, ಸ್ವಾಲ್‌ಬಾರ್ಡ್ ಟಿಕೆಟ್ಟಿನ ಪ್ರತಿ ಲಗತ್ತಿಸಿ. ಪ್ರಯಾಣ ವಿಮೆ 30,000 ಯೂರೊಗೆ ಕಡಿಮೆ ಇರಬಾರದು. ಅರ್ಜಿ ಹಾಕಲು 6 ತಿಂಗಳ ಮೊದಲಿನಿಂದ ಅವಕಾಶವಿದೆ. ಕೊನೆಯ 15 ದಿನಕ್ಕೆ ಉಳಿಸಿಕೊಳ್ಳಬೇಡಿ. ‘ಅಲ್ಲಿಗೆ ಹೋಗಿ ಕೆಲಸ ಹುಡುಕುತ್ತೇನೆ’ ಎಂದು ಬರೆದವರಿಗಿಂತ ಕೆಲಸದ ಕರಾರು, ಅಲ್ಲಿ ಇರಲು ಮನೆಯಿದೆ ಎಂಬ ಪತ್ರ ಎರಡನ್ನೂ ಇಟ್ಟವರ ಅರ್ಜಿಗೆ ತೂಕ ಹೆಚ್ಚು.

ಎರಡನೆಯ ತೊಡಕು, ನಿಮ್ಮ ಖರ್ಚನ್ನು ನೀವೇ ನೋಡಿಕೊಳ್ಳಬೇಕು. ಕೈಯಲ್ಲಿ ಕಾಸಿಲ್ಲದವರನ್ನು, ಇರಲು ಮನೆಯಿಲ್ಲದವರನ್ನು ಅಲ್ಲಿನ ಗವರ್ನರ್ ವಾಪಸು ಕಳಿಸಬಹುದು. ನಿರುದ್ಯೋಗ ಭತ್ಯೆ, ವಸತಿ ನೆರವನ್ನು ನಂಬಿಕೊಂಡು ಹೋಗುವಂತಿಲ್ಲ. ಯಾರು ಹೋಗುತ್ತಾರೆ, ಎಷ್ಟು ದಿನ ಇರುತ್ತಾರೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಇದೇ.

ಪ್ರಶ್ನೆ: ವರ್ಷದಲ್ಲಿ ನಾಲ್ಕು ತಿಂಗಳು ಸೂರ್ಯನೇ ಕಾಣದ, ಮರವೇ ಬೆಳೆಯದ ಜಾಗಕ್ಕೆ ಜನ ಯಾಕಾದರೂ ಹೋಗುತ್ತಾರೆ?
— ಹುಬ್ಬಳ್ಳಿಯ ಓದುಗರು

ಉತ್ತರ: ಮುಖ್ಯ ಊರು ಲಾಂಗಿಯರ್‌ಬಿಯೆನ್, 78 ಡಿಗ್ರಿ ಉತ್ತರ ಅಕ್ಷಾಂಶ. ಸುಮಾರು 2,500 ಜನ, 50ಕ್ಕೂ ಹೆಚ್ಚು ದೇಶದವರು. ಅವರನ್ನೆಲ್ಲ ಒಂದೇ ಕಾರಣ ಎಳೆದು ತಂದಿಲ್ಲ.

ಊರು ಹುಟ್ಟಿದ್ದೇ ಕಲ್ಲಿದ್ದಲಿಗಾಗಿ, 1906ರಲ್ಲಿ. ಜಾನ್ ಮನ್ರೊ ಲಾಂಗಿಯರ್ ಎಂಬ ಅಮೆರಿಕದ ಉದ್ಯಮಿ ಅಲ್ಲಿ ಗಣಿ ಶುರುಮಾಡಿದ. ಊರಿನ ಹೆಸರು ಅವನದೇ. ಗಣಿ ಕೆಲಸಗಾರರನ್ನು ಮದುವೆಯಾಗಿ ಥಾಯ್ಲೆಂಡಿನ ಹೆಂಗಸರು ಬಂದರು, ಅವರ ಹಿಂದೆ ಅಕ್ಕತಂಗಿಯರು, ಬಂಧುಗಳು. ಈಗ ಥಾಯ್ ಮತ್ತು ಫಿಲಿಪ್ಪೀನ್ಸ್ ಮಂದಿ ಅಲ್ಲಿನ ದೊಡ್ಡ ವಿದೇಶಿ ಗುಂಪುಗಳಲ್ಲಿ ಸೇರಿದ್ದಾರೆ. ನಮ್ಮ ಕರಾವಳಿಯವರು ಮುಂಬೈಗೆ ಹೋದದ್ದೂ ಹೀಗೇ ಅಲ್ಲವೇ? ಮೊದಲು ಹೋದವರು ತಂಗಲು ಜಾಗ ಕೊಟ್ಟರು, ಕೆಲಸ ಕೊಡಿಸಿದರು.

ಇನ್ನೊಂದು ಸೆಳೆತ ತೆರಿಗೆ. ಸಂಬಳದ ಮೇಲಿನ ಆದಾಯ ತೆರಿಗೆ ಶೇ 8. ಸಾಮಾಜಿಕ ವಿಮೆಯ ವಂತಿಗೆಯೂ ಸೇರಿದರೆ ಸಾಮಾನ್ಯ ಸಂಬಳಕ್ಕೆ ಕಡಿತ ಸುಮಾರು ಶೇ 16. ಮುಖ್ಯಭೂಮಿಯಲ್ಲಿ ಬಹುತೇಕ ವಸ್ತುಗಳ ಮೇಲೆ ಶೇ 25ರಷ್ಟಿರುವ ಮೌಲ್ಯವರ್ಧಿತ ತೆರಿಗೆ ದ್ವೀಪದಲ್ಲಿಲ್ಲ. ಹಾಗೆಂದು ಜೀವನ ಅಗ್ಗವಲ್ಲ. ತರಕಾರಿ, ಹಣ್ಣು, ಹಾಲು ಎಲ್ಲವೂ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಹವಾಮಾನ ಕೆಟ್ಟರೆ ಅಂಗಡಿಯ ತರಕಾರಿ ಕಪಾಟು ಖಾಲಿ. ಹಣ ಉಳಿಯುವುದು ಮನೆಯನ್ನು ಕೆಲಸ ಕೊಟ್ಟವರೇ ಒದಗಿಸಿದಾಗ ಮಾತ್ರ.

ವಿಜ್ಞಾನಿಗಳ, ವಿದ್ಯಾರ್ಥಿಗಳ ಲೆಕ್ಕ ಬೇರೆ. 1993ರಿಂದ ಅಲ್ಲಿ ವಿಶ್ವವಿದ್ಯಾಲಯ ಕೇಂದ್ರವಿದೆ. ಉಪಗ್ರಹ ಕೇಂದ್ರಕ್ಕೂ ಆ ಜಾಗ ಹೇಳಿ ಮಾಡಿಸಿದಂತಿದೆ: ಧ್ರುವಗಳ ಮೇಲೆ ಹಾದು ಸುತ್ತುವ ಉಪಗ್ರಹಗಳು ದಿನಕ್ಕೆ ಹದಿನಾಲ್ಕು ಸುತ್ತು ಹಾಕಿದರೆ, ಅಷ್ಟೂ ಸುತ್ತಿನಲ್ಲಿ ಅಲ್ಲಿನ ಆಂಟೆನಾಗಳಿಗೆ ಸಿಗುತ್ತವೆ.

ಇವೆಲ್ಲದರ ಆಚೆ ಬಯಲಿಗೆ, ಹಿಮಕ್ಕೆ, ನಾಯಿಗಾಡಿಗೆ, ಸ್ನೋಮೊಬೈಲಿಗೆ ಮನಸೋತು ಬರುವವರೂ ಉಂಟು. ಒಂದು ಋತುವಿಗೆಂದು ಬಂದು ಐದಾರು ವರ್ಷ ಉಳಿಯುವವರು ಈ ಗುಂಪಿನಲ್ಲೇ ಹೆಚ್ಚು. ಆದರೂ ಅಲ್ಲಿ ಮುಪ್ಪಿನವರೆಗೆ ಉಳಿಯುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಇದನ್ನು ‘ವಲಸೆ’ ಎನ್ನುವುದಕ್ಕಿಂತ ದೀರ್ಘ ಅವಧಿಯ ದುಡಿಮೆ ಎನ್ನುವುದೇ ಸರಿ.

ಪ್ರಶ್ನೆ: ನನ್ನ ತಮ್ಮನಿಗೆ ಅಲ್ಲಿನ ಹೋಟೆಲೊಂದರಿಂದ ಅಡುಗೆ ಕೆಲಸಕ್ಕೆ ಕರೆ ಬಂದಿದೆ. ಒಪ್ಪುವ ಮೊದಲು ಏನೇನು ಕೇಳಬೇಕು?
— ಕುಂದಾಪುರದ ಓದುಗರು

ಉತ್ತರ: ಮೊದಲ ಪ್ರಶ್ನೆ ಸಂಬಳದ್ದಲ್ಲ, ಮನೆಯದ್ದು. ಊರಿನ ಮನೆಗಳಲ್ಲಿ ಹೆಚ್ಚಿನವು ಕಂಪನಿಗಳ, ಸರ್ಕಾರದ ಕೈಯಲ್ಲಿವೆ. ಬಾಡಿಗೆಗೆ ಬಿಡಿಯಾಗಿ ಸಿಗುವುದು ಕಡಿಮೆ. ಅಲ್ಲಿ ಮನೆ ಕಟ್ಟುವುದೂ ಸುಲಭವಲ್ಲ. ನೆಲ ಸದಾ ಹೆಪ್ಪುಗಟ್ಟಿರುತ್ತದೆ. ಮನೆಯ ಶಾಖಕ್ಕೆ ಅದು ಕರಗಿದರೆ ಕಟ್ಟಡ ವಾಲುತ್ತದೆ. ಅದಕ್ಕೇ ಕಂಬ ನೆಟ್ಟು, ಕೆಳಗೆ ಗಾಳಿಯಾಡಲು ಬಿಟ್ಟು ಮೇಲೆ ಕಟ್ಟುತ್ತಾರೆ. ನೀರಿನ ಕೊಳವೆಗಳು ನೆಲದ ಮೇಲೆಯೇ ಹಾದುಹೋಗುತ್ತವೆ. 2015ರ ಡಿಸೆಂಬರ್‌ನಲ್ಲಿ ಹಿಮರಾಶಿ ಬೆಟ್ಟದಿಂದ ಜಾರಿ ಮನೆಗಳ ಮೇಲೆ ಬಿದ್ದು ಇಬ್ಬರು ಸತ್ತರು. ಆ ಬಳಿಕ ಅಪಾಯದ ಅಂಚಿನಲ್ಲಿದ್ದ ಎಷ್ಟೋ ಮನೆಗಳನ್ನು ಕೆಡವಿದ್ದಾರೆ. ಕೊರತೆ ಇನ್ನಷ್ಟು ಬಿಗಿಯಾಯಿತು.

ಆದ್ದರಿಂದ ಕರಾರಿನಲ್ಲಿ ಇವನ್ನು ಬರವಣಿಗೆಯಲ್ಲೇ ಕೇಳಿ ಪಡೆಯಲಿ: ಕೋಣೆ ಒಬ್ಬರದೋ ಹಂಚಿಕೊಳ್ಳಬೇಕೋ, ಬಾಡಿಗೆ ಸಂಬಳದಲ್ಲಿ ಕಡಿತವೋ, ಕೆಲಸ ಬಿಟ್ಟರೆ ಅಥವಾ ತೆಗೆದರೆ ಎಷ್ಟು ದಿನದಲ್ಲಿ ಖಾಲಿ ಮಾಡಬೇಕು, ವಾಪಸು ಟಿಕೆಟ್ ಯಾರ ಖರ್ಚು. ಕೆಲಸ ಹೋದರೆ ಮನೆಯೂ ಹೋಗುತ್ತದೆ, ಮನೆ ಹೋದರೆ ದ್ವೀಪವನ್ನೇ ಬಿಡಬೇಕಾಗುತ್ತದೆ.

ಎರಡನೆಯದು ಅವಧಿ. ಪ್ರವಾಸಿಗರ ಭರಾಟೆ ಫೆಬ್ರುವರಿ ಕೊನೆಯಿಂದ ಮೇವರೆಗೆ ಹಿಮದ ಮೇಲೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಡಗಿನಲ್ಲಿ. ನಡುವಿನ ಕತ್ತಲೆಯ ತಿಂಗಳುಗಳಲ್ಲಿ ಹೋಟೆಲಿನ ವ್ಯಾಪಾರ ಇಳಿಯುತ್ತದೆ. ‘ಪೂರ್ಣಾವಧಿ’ ಎಂದಿದ್ದರೆ ನವೆಂಬರ್‌ನಲ್ಲಿ ವಾರಕ್ಕೆ ಎಷ್ಟು ಗಂಟೆಯ ಕೆಲಸದ ಖಾತರಿ ಎಂದು ಕೇಳಬೇಕು.

ಮೂರನೆಯದು ಆರೋಗ್ಯ. ನಾರ್ವೆಯ ಸಂಸ್ಥೆ ನೌಕರಿ ಕೊಟ್ಟಿದ್ದರೆ ಸಾಮಾನ್ಯವಾಗಿ ಅಲ್ಲಿನ ರಾಷ್ಟ್ರೀಯ ವಿಮೆಗೆ ಸೇರಿಸುತ್ತದೆ, ಇದನ್ನು ಖಚಿತಪಡಿಸಿಕೊಳ್ಳಿ. ಜೊತೆಗೆ ಹೋಗುವ, ಕೆಲಸವಿಲ್ಲದ ಹೆಂಡತಿಗೆ ಅಥವಾ ಗಂಡನಿಗೆ ಆ ರಕ್ಷಣೆ ತಾನಾಗಿ ಬರುವುದಿಲ್ಲ, ಪ್ರತ್ಯೇಕ ವಿಮೆ ಬೇಕು. ಊರಿನಲ್ಲಿರುವುದು ಸಣ್ಣ ಆಸ್ಪತ್ರೆ. ದೊಡ್ಡ ಕಾಯಿಲೆಗೆ ವಿಮಾನದಲ್ಲಿ ಮುಖ್ಯಭೂಮಿಯ ಟ್ರೊಮ್ಸೊ ನಗರಕ್ಕೆ ಒಯ್ಯುತ್ತಾರೆ. ಗರ್ಭಿಣಿಯರು ಹೆರಿಗೆಯ ದಿನಕ್ಕೆ ಸುಮಾರು ಮೂರು ವಾರ ಮೊದಲೇ ಮುಖ್ಯಭೂಮಿಗೆ ಹೋಗುತ್ತಾರೆ. ಮಕ್ಕಳಿದ್ದರೆ ತಿಳಿದಿರಲಿ: ಶಾಲೆಯ ಪಾಠ ನಾರ್ವೇಜಿಯನ್ ಭಾಷೆಯಲ್ಲಿ.

ಪ್ರಶ್ನೆ: ಅಲ್ಲಿ ಸಾಯುವುದು ಕಾನೂನಿಗೆ ವಿರುದ್ಧವಂತೆ, ಹೌದೇ?
— ತುಮಕೂರಿನ ಓದುಗರು

ಉತ್ತರ: ಅಲ್ಲ, ಕಟ್ಟುಕತೆ. ಹೆಪ್ಪುಗಟ್ಟಿದ ನೆಲ ಹೂತದ್ದನ್ನು ಕೊಳೆಯಲು ಬಿಡದು, ಕ್ರಮೇಣ ಮೇಲಕ್ಕೂ ತಳ್ಳುತ್ತದೆ. ಹಾಗಾಗಿ ಶವಪೆಟ್ಟಿಗೆ ಹೂಳುವುದನ್ನು ನಿಲ್ಲಿಸಿದ್ದಾರೆ. ಸುಟ್ಟ ಬೂದಿಯ ಕುಡಿಕೆ ಇಡಬಹುದು. ವೃದ್ಧರ ಆರೈಕೆಯ ಸೌಕರ್ಯ ಇಲ್ಲದ್ದರಿಂದ ವಯಸ್ಸಾದವರು ಮೊದಲೇ ಹೊರಟುಹೋಗುತ್ತಾರೆ, ಅಷ್ಟೆ.

ಪ್ರಶ್ನೆ: ಮಗಳು ಒಂದು ಸೆಮಿಸ್ಟರ್ ಓದಲು ಜನವರಿಯಲ್ಲಿ ಹೊರಟಿದ್ದಾಳೆ. ಬಟ್ಟೆಬರೆ, ಕತ್ತಲೆ ಎರಡರದ್ದೂ ಚಿಂತೆ.
— ಶಿವಮೊಗ್ಗದ ಓದುಗರು

ಉತ್ತರ: ಬೆಚ್ಚನೆಯ ಸಮುದ್ರ ಪ್ರವಾಹ ಹತ್ತಿರ ಹಾಯುವುದರಿಂದ ಆ ಅಕ್ಷಾಂಶದ ಬೇರೆಡೆಗಿಂತ ಅಲ್ಲಿ ಚಳಿ ಕಡಿಮೆ. ಚಳಿಗಾಲದಲ್ಲಿ −10ರಿಂದ −20 ಡಿಗ್ರಿ ಸಾಮಾನ್ಯ. 1986ರ ಮಾರ್ಚ್‌ನಲ್ಲಿ −46.3 ದಾಖಲಾಗಿದೆ. ನಿಜವಾದ ಶತ್ರು ಗಾಳಿ. −20 ಇದ್ದಾಗ ಗಂಟೆಗೆ 36 ಕಿ.ಮೀ. ವೇಗದ ಗಾಳಿ ಬೀಸಿದರೆ ಚರ್ಮಕ್ಕೆ −33ರಂತೆ ತಗಲುತ್ತದೆ. ಆದ್ದರಿಂದ ಒಂದು ಭಾರೀ ಜಾಕೆಟ್ಟಿಗಿಂತ ಮೂರು ಪದರ ಲೇಸು.

ಮೈಗೆ ತಾಗುವ ಪದರ ಉಣ್ಣೆಯದೇ ಇರಲಿ, ಎರಡು ಜೊತೆ ಸಾಕು. ಇಲ್ಲಿನ ಅಂಗಡಿಗಳಲ್ಲಿ ‘ಥರ್ಮಲ್’ ಎಂದು ಮಾರುವುದರಲ್ಲಿ ಹತ್ತಿ ಬೆರೆತಿರುವುದುಂಟು. ಲೇಬಲ್ ಓದಿ ಕೊಳ್ಳಿ. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಡಿಗೆ ನಿಂತ ಕೂಡಲೇ ಆ ಒದ್ದೆ ಮೈಯ ಶಾಖವನ್ನೆಲ್ಲ ಹೀರುತ್ತದೆ. ನಡುವೆ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಬೂಟು ಒಂದು ಅಳತೆ ದೊಡ್ಡದಿರಲಿ. ಬಿಗಿ ಬೂಟಿನೊಳಗೆ ಎರಡು ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಇನ್ನಷ್ಟು ಬೇಗ ಮರಗಟ್ಟುತ್ತದೆ. ಬೆರಳುಗಳು ಒಟ್ಟಿಗಿರುವ ಗವಸು ಬಿಡಿ ಬೆರಳಿನ ಕೈಗವಸಿಗಿಂತ ಬೆಚ್ಚಗೆ; ಒಳಗೊಂದು ತೆಳು ಗವಸು ಇದ್ದರೆ ಫೋನ್ ಮುಟ್ಟಲು ಅನುಕೂಲ. ಈಗೀಗ ಚಳಿಗಾಲದ ನಡುವೆಯೂ ಮಳೆ ಬಂದು ರಸ್ತೆ ಗಾಜಿನಂತಾಗುವುದರಿಂದ ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಬೇಕು. ಇದನ್ನೂ ಹೊರಪದರವನ್ನೂ ಅಲ್ಲೇ ಕೊಳ್ಳುವುದು ಒಳ್ಳೆಯದು.

ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಥಟ್ಟನೆ ಸೊನ್ನೆಗಿಳಿಯುತ್ತದೆ. ಕ್ಯಾಮೆರಾವನ್ನು ಮನೆಯೊಳಗೆ ತರುವ ಮೊದಲು ಹೊರಗೇ ಜಿಪ್ ಚೀಲಕ್ಕೆ ಹಾಕಿ ಮುಚ್ಚಬೇಕು, ಇಲ್ಲವಾದರೆ ಲೆನ್ಸಿನೊಳಗೆ ನೀರು ಕಟ್ಟುತ್ತದೆ.

ಕತ್ತಲೆಯ ಲೆಕ್ಕ ಹೀಗಿದೆ. ಅಕ್ಟೋಬರ್ 26ರ ಹೊತ್ತಿಗೆ ಮುಳುಗುವ ಸೂರ್ಯ ದಿಗಂತದ ಮೇಲೆ ಮತ್ತೆ ಬರುವುದು ಫೆಬ್ರುವರಿ ನಡುವೆ. ಸುತ್ತ ಬೆಟ್ಟಗಳಿರುವುದರಿಂದ ಊರಿನೊಳಗೆ ಬಿಸಿಲು ಬೀಳಲು ಮಾರ್ಚ್ 8 ಆಗಬೇಕು. ಆ ವಾರ ಊರಿಗೇ ಹಬ್ಬ. ಹಗಲು ತುಂಬ ಬೇಗ ಬೆಳೆಯುತ್ತದೆ, ಏಪ್ರಿಲ್ 20ರಿಂದ ಆಗಸ್ಟ್ 23ರವರೆಗೆ ಸೂರ್ಯ ಮುಳುಗುವುದೇ ಇಲ್ಲ. ಹೊಸಬರಿಗೆ ಕತ್ತಲೆಗಿಂತ ಈ ಬೆಳಕೇ ಹೆಚ್ಚು ಕಾಡುವುದುಂಟು: ರಾತ್ರಿ ಎರಡು ಗಂಟೆಯಾದರೂ ನಿದ್ದೆಯ ನೆನಪಾಗದು. ಬೆಳಕು ತೂರದ ಪರದೆ, ಇಲ್ಲವೇ ಕಣ್ಣುಪಟ್ಟಿ ಕೊಟ್ಟು ಕಳಿಸಿ. ಕತ್ತಲೆಯ ದಿನಗಳಿಗೆ 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಬೆಳಿಗ್ಗೆ ಎದ್ದೊಡನೆ 20–30 ನಿಮಿಷ ಕುಳಿತರೆ ನಿದ್ದೆಯ ಹೊತ್ತು ತಪ್ಪುವುದಿಲ್ಲ. ಸಂಜೆ ಕೂತರೆ ಪರಿಣಾಮ ಉಲ್ಟಾ. ವಿಟಮಿನ್ ಡಿ ದಿನಕ್ಕೆ 10 ಮೈಕ್ರೊಗ್ರಾಂ ಎಂಬುದು ಆ ದೇಶಗಳ ಸಾಮಾನ್ಯ ಸಲಹೆ. ಹೊರಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಿ.

ಊರ ಹೊರಗೆ ಹಿಮಕರಡಿಯ ಭಯವಿದೆ. ಕರಡಿಯನ್ನು ಬೆದರಿಸುವ ಸಾಧನವಿಲ್ಲದೆ, ಬಂದೂಕು ಬಲ್ಲವರ ಜೊತೆಯಿಲ್ಲದೆ ಗಡಿ ದಾಟಬಾರದು. ಬಂದೂಕು ಬಾಡಿಗೆಗೆ ಪಡೆಯಲು ಗವರ್ನರ್ ಕಚೇರಿಯ ಅನುಮತಿ ಬೇಕು. ವಿದ್ಯಾರ್ಥಿಗಳಿಗೆ ಸುರಕ್ಷತಾ ತರಬೇತಿ ಇರುತ್ತದೆ, ತಪ್ಪಿಸಬಾರದು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ದೋಸೆ, ಸಾರು ಇಲ್ಲದೆ ಆಗುವುದಿಲ್ಲ. ಏನು ಕೊಂಡೊಯ್ಯಬಹುದು?
— ಮೈಸೂರಿನ ಓದುಗರು

ಉತ್ತರ: ಸಾರಿನ ಪುಡಿ, ಹುಳಿಪುಡಿ, ಹುಣಸೆ, ಬೇಳೆ, ಹಪ್ಪಳ ಒಯ್ಯಬಹುದು. ತುಪ್ಪ, ಪೇಡ ಬೇಡ: ಯುರೋಪಿನ ಹೊರಗಿನ ಹಾಲಿನ ಪದಾರ್ಥಗಳನ್ನು ನಾರ್ವೆಯೊಳಗೆ ತರುವಂತಿಲ್ಲ. ತುಪ್ಪವನ್ನು ಅಲ್ಲಿನ ಬೆಣ್ಣೆ ಕಾಯಿಸಿಯೇ ಮಾಡಿಕೊಳ್ಳಿ. ಹಸಿ ಕರಿಬೇವೂ ಬೇಡ, ಒಣಗಿಸಿ ಪುಡಿಮಾಡಿ ಒಯ್ಯಿರಿ.

ಮಿಕ್ಸಿ ಇಲ್ಲಿಯದೇ ನಡೆಯುತ್ತದೆ, ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಮಾತ್ರ ಬೇರೆ; ಅರ್ಥ್ ಇರುವ ಅಡಾಪ್ಟರ್ ಕೊಳ್ಳಿ. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಬಿಸಿಯಾಗದು, ತಳ ನೋಡಿ ಒಯ್ಯಿರಿ. ಲೇಹ್‌ನಲ್ಲಿ ಬೇಳೆ ಬೇಯದೆ ಒದ್ದಾಡಿದವರಿಗೆ ಒಂದು ಸಮಾಧಾನ: ಲಾಂಗಿಯರ್‌ಬಿಯೆನ್ ಸಮುದ್ರದ ಮಟ್ಟದಲ್ಲಿದೆ, ನೀರು 100 ಡಿಗ್ರಿಗೇ ಕುದಿಯುತ್ತದೆ.

ಹಿಟ್ಟು ಹುದುಗುವುದೇ ಕಷ್ಟ. ಕೋಣೆಯೊಳಗೆ 20–22 ಡಿಗ್ರಿ ಇರುತ್ತದೆ, ಹಿಟ್ಟಿಗೆ 28–30 ಬೇಕು. ಒಂದು ಲೋಟ ಉದ್ದಿಗೆ ಅರ್ಧ ಚಮಚ ಮೆಂತ್ಯ ನೆನೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಅವನ್‌ನ ದೀಪ ಮಾತ್ರ ಹಚ್ಚಿ ಒಳಗಿಡಿ. 12 ಗಂಟೆ ಹಿಡಿಯಬಹುದು. ಉಪ್ಪು ಹುದುಗನ್ನು ನಿಧಾನ ಮಾಡುವುದರಿಂದ ಬೆಳಿಗ್ಗೆ ಬೆರೆಸಿ. ಒಣ ಹವೆಗೆ ಹಿಟ್ಟಿನ ಮೇಲೆ ಪದರ ಕಟ್ಟುತ್ತದೆ, ಬಿಗಿ ಮುಚ್ಚಳ ಮರೆಯಬೇಡಿ. ಉಕ್ಕಲು ಪಾತ್ರೆಯಲ್ಲಿ ಅರ್ಧ ಜಾಗ ಬಿಟ್ಟಿರಿ.

ಪ್ರಶ್ನೆ: ನಮ್ಮ ದೇಶದವರು ಈಗಾಗಲೇ ಅಲ್ಲಿದ್ದಾರೆಯೇ?
— ಬಳ್ಳಾರಿಯ ಓದುಗರು

ಉತ್ತರ: ಇದ್ದಾರೆ, ಆದರೆ ನೆಲೆಸಲು ಹೋದವರಲ್ಲ. ಲಾಂಗಿಯರ್‌ಬಿಯೆನ್‌ಗಿಂತ ಉತ್ತರದ ನೈ-ಓಲೆಸುಂಡ್ ಎಂಬ ಸಂಶೋಧನಾ ನೆಲೆಯಲ್ಲಿ ಭಾರತದ ‘ಹಿಮಾದ್ರಿ’ ಕೇಂದ್ರ 2008ರ ಜುಲೈ 1ರಿಂದ ನಡೆಯುತ್ತಿದೆ. 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಹೋದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಅದರಲ್ಲಿತ್ತು. ರೇಡಿಯೊ ಖಗೋಳ ವೀಕ್ಷಣೆಗೆ ಆ ಜಾಗ ರೇಡಿಯೊ ತರಂಗಗಳ ಗದ್ದಲವಿಲ್ಲದೆ ಎಷ್ಟು ನಿಶ್ಶಬ್ದ ಎಂದು ಅಳೆಯುವುದು ಅವರ ಕೆಲಸ. ಆ ಊರಿನಲ್ಲಿ ವೈಫೈ, ಬ್ಲೂಟೂತ್ ಕೂಡ ನಿಷಿದ್ಧ. ಯೋಜನೆಯಿಲ್ಲದೆ ಯಾರೂ ಹೋಗಿ ನೆಲೆಸುವಂತಿಲ್ಲ.

ಪ್ರಶ್ನೆ: ಐದಾರು ವರ್ಷ ದುಡಿದರೆ ನಾರ್ವೆಯ ಪೌರತ್ವಕ್ಕೆ ದಾರಿಯಾಗುತ್ತದೆಯೇ?
— ಮಂಗಳೂರಿನ ಓದುಗರು

ಉತ್ತರ: ಇಲ್ಲ. ಸ್ವಾಲ್‌ಬಾರ್ಡ್‌ನಲ್ಲಿ ಕಳೆದ ವರ್ಷಗಳು ಮುಖ್ಯಭೂಮಿಯ ಕಾಯಂ ವಾಸಕ್ಕಾಗಲಿ ಪೌರತ್ವಕ್ಕಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಊರಿನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಲು ಕೂಡ ವಿದೇಶಿಯರು ಮೊದಲು ಮೂರು ವರ್ಷ ಮುಖ್ಯಭೂಮಿಯಲ್ಲಿ ವಾಸಿಸಿರಬೇಕು ಎಂದು 2022ರಲ್ಲಿ ನಿಯಮ ಬದಲಾಯಿತು. ಪೌರತ್ವವೇ ಗುರಿಯಾದರೆ ಮುಖ್ಯಭೂಮಿಯಲ್ಲೇ ಕೆಲಸ ಹುಡುಕಿ, ಅಲ್ಲಿನ ವಾಸದ ಪರವಾನಗಿಗೆ ಅರ್ಜಿ ಹಾಕಿ.