ಮಗು ಯಾವ ಮನೆಯದು?

ಆಪ್ತಸಲಹೆಗೆಂದು ನನ್ನ ಬಳಿ ಬಂದ ದಂಪತಿಯ ಒಪ್ಪಿಗೆ ಪಡೆದೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹೆಸರಿನ ಬದಲು ಆತ, ಆಕೆ ಎಂದೇ ಬರೆಯುತ್ತೇನೆ.

ಆತ ಮಂಡ್ಯ ಕಡೆಯ ರೈತ ಕುಟುಂಬದವನು, ಮನೆಯ ಹಿರಿಯ ಮಗ. ಆಕೆ ಉಡುಪಿ ಕಡೆಯವಳು, ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ ಪದ್ಧತಿಯ ಮನೆತನ. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಪ್ರೀತಿಸಿ ಮದುವೆಯಾದವರು. ಮೂರು ವರ್ಷದ ಮಗಳಿದ್ದಾಳೆ. ಜಗಳ ಶುರುವಾಗಿದ್ದು ಒಂದೂವರೆ ಲಕ್ಷ ರೂಪಾಯಿಯಿಂದ. ಆಕೆಯ ಕುಟುಂಬದ ಮನೆಯಲ್ಲಿ ದೈವಸ್ಥಾನದ ಜೀರ್ಣೋದ್ಧಾರ ನಡೆಯುತ್ತಿತ್ತು. ಸೋದರಮಾವ ಫೋನ್ ಮಾಡಿ ವಂತಿಗೆ ಕೇಳಿದರು. ಆಕೆ ಗಂಡನಿಗೆ ಹೇಳದೆ ಕಳಿಸಿದಳು. ಬ್ಯಾಂಕಿನ ಮೆಸೇಜ್ ಆತನ ಕಣ್ಣಿಗೆ ಬಿತ್ತು.

"ದುಡ್ಡಿನ ಮಾತಲ್ಲ ಮೇಡಂ," ಎಂದ ಆತ. "ಮದ್ವೆಯಾಗಿ ಆರು ವರ್ಷ ಆಯ್ತು. ಇವಳಿಗೆ ನಮ್ಮನೆ ಅಂದ್ರೆ ಇನ್ನೂ ಆ ಮನೇನೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ ನಮ್ಮ ಕಡೆ. ನಾನು ಅಷ್ಟು ಕಟುವಾಗಿ ಹೇಳಲ್ಲ. ಆದ್ರೂ ಒಂದು ಲೆಕ್ಕ ಇರ್ಬೇಕಲ್ವಾ?"

"ನಾನು ಆ ಮನೆಯವಳೇ," ಎಂದಳು ಆಕೆ. "ಮದುವೆಯಾದ ಕೂಡಲೇ ಅದು ಹೇಗೆ ಹೋಗ್ತದೆ?" ಹಟದ ದನಿ ಇರಲಿಲ್ಲ. ಆಕೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮಗುವಿನ ಜ್ವರ ಈ ಜಗಳಕ್ಕೆ ಇನ್ನಷ್ಟು ಕಾವು ಕೊಟ್ಟಿತ್ತು. ಪ್ಲೇಸ್ಕೂಲಿಗೆ ಹಾಕಿದಾಗಿನಿಂದ ಮಗುವಿಗೆ ಪದೇ ಪದೇ ನೆಗಡಿ, ಜ್ವರ. ನಂಜನಗೂಡಿನಲ್ಲಿ ಮುಡಿ ಕೊಡುವ ಹರಕೆ ಬಾಕಿ ಇರುವುದೇ ಕಾರಣ ಎಂದರು ಆತನ ತಾಯಿ. ಕುಟುಂಬದ ದೈವಕ್ಕೆ ಸಲ್ಲಬೇಕಾದ್ದು ಸಲ್ಲಿಲ್ಲ ಎಂಬ ಭಯ ಆಕೆಗೆ. ದೈವಕ್ಕೆ ರಾತ್ರಿಯಿಡೀ ನಡೆಸುವ ಸೇವೆಯಾದ ನೇಮಕ್ಕೆ ಗೊತ್ತಾದ ದಿನವೇ ಮುಡಿಗೂ ಗೊತ್ತಾಯಿತು. ನೇಮವನ್ನು ಮುಂದಕ್ಕೆ ಹಾಕಿ ಎಂದ ಆತ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಕಳೆದರೆ ದೀಪಾವಳಿಯವರೆಗೆ ನೇಮವೇ ಇಲ್ಲ ಎಂದಳು ಆಕೆ. ಆತನಿಗೆ ಅದು ನೆಪದಂತೆ ಕೇಳಿಸಿತು. ಕರಾವಳಿಯಲ್ಲಿ ಬೆಳೆದ ಮಗುವಿಗೂ ಗೊತ್ತಿರುವ ವಿಷಯ ಘಟ್ಟದ ಮೇಲೆ ನೆಪವಾಗಿ ಕೇಳುತ್ತದೆ. ಮಕ್ಕಳ ಡಾಕ್ಟರು ಹೇಳಿದ್ದೇ ಬೇರೆ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಜ್ವರ ಬರುವುದು ಸಾಮಾನ್ಯ.

ಇಬ್ಬರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟೆ. ನಿಮ್ಮ ಕುಟುಂಬವನ್ನು ಬರೆಯಿರಿ ಎಂದೆ. ತಲೆಮಾರುಗಳ ಈ ನಕ್ಷೆಯನ್ನು ನಾವು ಜೆನೋಗ್ರಾಮ್ ಎನ್ನುತ್ತೇವೆ. ಸಾಮಾನ್ಯವಾಗಿ ಬರೆಯುವ ಕ್ರಮವನ್ನು ನಾನೇ ಹೇಳಿಕೊಡುತ್ತೇನೆ. ಇವರಿಗೆ ಬೇಕೆಂದೇ ಹೇಳಲಿಲ್ಲ.

ಆತ ಮುತ್ತಾತನಿಂದ ಶುರುಮಾಡಿದ. ತಾತ, ಅಪ್ಪ, ಚಿಕ್ಕಪ್ಪಂದಿರು, ತಾನು, ತಮ್ಮ. ತನ್ನ ಕೆಳಗೆ ಮಗಳು. ಅಮ್ಮನ ಹೆಸರು ಅಪ್ಪನ ಪಕ್ಕದಲ್ಲಿ ಸಣ್ಣಗೆ ಇತ್ತು. ಅಕ್ಕ ಇರಲೇ ಇಲ್ಲ. ಆಕೆಯ ಹಾಳೆಯ ತುದಿಯಲ್ಲಿದ್ದುದು ಮುತ್ತಜ್ಜಿ. ಅಲ್ಲಿಂದ ಅಜ್ಜಿ, ದೊಡ್ಡಮ್ಮ, ಅಮ್ಮ, ಮಾವ. ಆಮೇಲೆ ತಾನು, ಅಣ್ಣ, ಮಗಳು. ಅಪ್ಪ ಇಲ್ಲ. ಗಂಡನೂ ಇಲ್ಲ.

ಹಾಳೆ ಅದಲುಬದಲು ಮಾಡಿಸಿದೆ. ಆತ ಬೆರಳಿಟ್ಟು ಹುಡುಕಿದ. "ಇದರಲ್ಲಿ ನಾನೆಲ್ಲಿ?" ಎಂದ. ಆಕೆ ಆತನ ಹಾಳೆ ನೋಡುತ್ತಾ, "ಅತ್ತೆಗೆ ಅಪ್ಪ ಅಮ್ಮ ಇರ್ಲಿಲ್ವಾ?" ಎಂದಳು. ಇಬ್ಬರೂ ಬೇಕೆಂದು ಯಾರನ್ನೂ ಬಿಟ್ಟಿರಲಿಲ್ಲ. ಮನೆ ಎಂದರೆ ಯಾರು ಯಾರು ಎಂಬುದನ್ನು ನಾವು ಯೋಚಿಸಿ ತೀರ್ಮಾನಿಸುವುದಿಲ್ಲ. ಊಟಕ್ಕೆ ಯಾರನ್ನು ಕರೆದರು, ಪೂಜೆಗೆ ಯಾರು ಮುಂದೆ ನಿಂತರು ಎಂದು ನೋಡುತ್ತಲೇ ಬೆಳೆಯುತ್ತೇವೆ. ಅದೇ ಜಗತ್ತಿನ ನಿಯಮ ಎನಿಸಿಬಿಡುತ್ತದೆ.

ತನ್ನ ಕಡೆಯ ಭೂತಾಳ ಪಾಂಡ್ಯನ ಕಥೆಯನ್ನು ಆಕೆ ಹೇಳಿದಳು. ರಾಜನ ಹೊಸ ಹಡಗುಗಳು ಹೊರಡಬೇಕಾದರೆ ಅವನ ಮಗನನ್ನೇ ಬಲಿ ಕೊಡಬೇಕೆಂದು ಕುಂಡೋದರ ಎಂಬ ಭೂತ ಕೇಳಿದ. ರಾಜನ ಹೆಂಡತಿ ಮಗನನ್ನು ಕೊಡಲಿಲ್ಲ. ರಾಜನ ತಂಗಿ ತನ್ನ ಮಗನನ್ನು ಕೊಡಲು ಮುಂದಾದಳು. ಬಲಿ ತಪ್ಪಿತು, ರಾಜ್ಯ ಅಳಿಯನಿಗೆ ಹೋಯಿತು. ಆತ ತಕ್ಷಣ ಕೇಳಿದ: "ಹೆಂಡ್ತಿ ಮಗನ್ನ ಉಳಿಸ್ಕೊಂಡಿದ್ದು ತಪ್ಪಾ?" ಆಕೆ ಚಿಕ್ಕಂದಿನಿಂದ ಕೇಳಿದ ಕಥೆ. ಈ ಪ್ರಶ್ನೆ ಆಕೆಗೆ ಎಂದೂ ಬಂದಿರಲಿಲ್ಲವಂತೆ.

ಕಾನೂನಿನ ಪ್ರಕಾರ ಹಳೆಯ ಅಳಿಯಸಂತಾನ ಬಹುಪಾಲು ಮುಗಿದ ಅಧ್ಯಾಯ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಳಿದದ್ದನ್ನು ಬದಲಿಸಿತು. ಆದರೆ ಆಸ್ತಿಯ ನಿಯಮ ಹೋದ ಮೇಲೂ ದೈವ, ತಾಯಿಯಿಂದ ಬರುವ ಗೋತ್ರದಂಥ ಬಳಿ, ಸೋದರಮಾವನ ಮಾತು ಉಳಿದಿವೆ. ಅದನ್ನು ಹೆಣ್ಣಿನ ಆಳ್ವಿಕೆ ಎಂದುಕೊಂಡರೆ ತಪ್ಪಾಗುತ್ತದೆ. ಯಜಮಾನಿಕೆ ಹೆಚ್ಚಾಗಿ ಮಾವನ ಕೈಯಲ್ಲೇ ಇತ್ತು. ವಂತಿಗೆ ಎಷ್ಟು ಎಂದು ಆಕೆಯನ್ನೂ ಯಾರೂ ಕೇಳಿರಲಿಲ್ಲ, ಮೊತ್ತ ಹೇಳಿದರು ಅಷ್ಟೆ.

ಅಕ್ಕನ ಬಗ್ಗೆ ಕೇಳಿದಾಗ ಆತ ಹೆಮ್ಮೆಯಿಂದ ಹೇಳಿದ, ಪ್ರತಿ ಗೌರಿ ಹಬ್ಬಕ್ಕೆ ಸೀರೆ ಇಟ್ಟು ಬಾಗಿನ ಕೊಡುತ್ತೇನೆ ಎಂದು. ಜಮೀನು? ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಅಕ್ಕ ಸಹಿ ಹಾಕಿದ್ದಾಳೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಆದರೂ ಸಹಿ ಹಾಕದವಳನ್ನು ಊರು ಆಸೆಬುರುಕಿ ಎನ್ನುತ್ತದೆ. ಆತನ ಮನೆಯಲ್ಲಿ ಅಕ್ಕನಿಗೆ ಸಿಗುವುದು ತಮ್ಮನ ಪ್ರೀತಿ. ಆಕೆಯ ಮನೆಯಲ್ಲಿ ಅದು ಹುಟ್ಟಿನಿಂದ ಬಂದ ಜಾಗ.

ಇಬ್ಬರಿಗೂ ನಾನು ಹೇಳಿದ್ದು ಇದು. ಎರಡೂ ಪದ್ಧತಿಗಳು ತಮ್ಮೊಳಗೆ ಒಂದು ಲೆಕ್ಕ ಸರಿದೂಗಿಸಿಕೊಂಡಿವೆ. ಆಕೆಯ ಅಪ್ಪನಿಗೆ ತನ್ನ ಮಕ್ಕಳು ಹೆಂಡತಿಯ ಕುಟುಂಬಕ್ಕೆ ಸೇರಿದರೂ ಅಕ್ಕನ ಮನೆಯಲ್ಲಿ ಮಾವನ ಸ್ಥಾನ ಉಂಟು. ಆತನ ಅಮ್ಮನಿಗೆ ತವರು ಬಿಟ್ಟರೂ ಗಂಡನ ಮನೆಯಲ್ಲಿ ಯಜಮಾನಿಕೆ ಸಿಕ್ಕಿತು. ನಿಮ್ಮ ಮದುವೆಯಲ್ಲಿ ಆ ಎರಡು ಲೆಕ್ಕ ಬೆರೆತಿವೆ. ಆಕೆಯ ನಿಯಮ ಪೂರ್ತಿ ನಡೆದರೆ ಆತನಿಗೆ ಮಗಳೂ ಇಲ್ಲ, ಅಕ್ಕನ ಮನೆಯೂ ಇಲ್ಲ. ಆತನ ನಿಯಮ ಪೂರ್ತಿ ನಡೆದರೆ, ಹೋಗುವುದಿಲ್ಲ ಎಂದು ನಂಬಿಕೊಂಡೇ ಬೆಳೆದ ಮನೆ ಆಕೆಯ ಕೈತಪ್ಪುತ್ತದೆ. ಇಬ್ಬರ ಭಯವೂ ಸುಮ್ನೆ ಹುಟ್ಟಿದ್ದಲ್ಲ.

ಇದನ್ನು ಕೇಳಿ ಆತ ಆಕೆಯ ಅಪ್ಪನಿಗೆ ಫೋನ್ ಮಾಡಿದನಂತೆ. "ನಿಮಗೆ ಬೇಜಾರಾಗ್ಲಿಲ್ವಾ?" ಎಂದು ಕೇಳಿದ. "ನನಗೆಂತ ಬೇಜಾರು? ನನ್ನ ಅಕ್ಕನ ಮಕ್ಕಳಿಗೆ ನಾನಿಲ್ಲದೆ ಮದುವೆಯೇ ಆಗಿಲ್ಲ," ಎಂದರಂತೆ ಅವರು.

ಆದರೆ ಎಲ್ಲವನ್ನೂ ಸಂಪ್ರದಾಯದ ತಲೆಗೆ ಕಟ್ಟಲು ನಾನು ಬಿಡಲಿಲ್ಲ. ಮುಚ್ಚಿಟ್ಟು ಹಣ ಕಳಿಸು ಎಂದು ಯಾವ ದೈವವೂ ಹೇಳಿಲ್ಲ. ಆ ಮೆಸೇಜ್ ನೋಡಿದ ಮೇಲೆ ಆತ ಆಕೆಯ ಎಟಿಎಂ ಕಾರ್ಡ್ ತೆಗೆದಿಟ್ಟುಕೊಂಡಿದ್ದ. ಅದು ಯಾವ ಊರಿನ ಪದ್ಧತಿಯೂ ಅಲ್ಲ, ಹಿಡಿತ. ಕಾರ್ಡ್ ವಾಪಸ್ ಕೊಟ್ಟ ಮೇಲೇ ಉಳಿದ ಮಾತು ಎಂದೆ. ಕೊಟ್ಟ.

ಹಣಕ್ಕೆ ಹೇಳಿದ ಸಲಹೆ ಸರಳ. ಮನೆಖರ್ಚು, ಸಾಲದ ಕಂತು ತೆಗೆದ ಮೇಲೆ ಇಬ್ಬರಿಗೂ ಒಂದೇ ಮೊತ್ತ ಪ್ರತ್ಯೇಕ ಇರಲಿ. ಅದರಿಂದ ದೈವಕ್ಕೆ ಕೊಡಲಿ, ಅಕ್ಕನಿಗೆ ಕೊಡಲಿ, ಅನುಮತಿ ಬೇಡ. ಅದನ್ನು ಮೀರಿದರೆ ಮೊದಲೇ ಮಾತಾಡಬೇಕು. ಸೋದರಮಾವನಿಗೆ ಇದನ್ನು ಆಕೆಯೇ ಹೇಳಬೇಕು. ಗಂಡನ ಬಾಯಿಂದ ಬಂದರೆ ಅದು ಅವಮಾನ ಎನಿಸುತ್ತದೆ. ಮಗುವಿಗೆ ಜ್ವರ ಬಂದರೆ ಮೊದಲು ಡಾಕ್ಟರು, ಹರಕೆ ಆಮೇಲೆ. ನೇಮಕ್ಕೂ ಮುಡಿಗೂ ಮೂವರೂ ಒಟ್ಟಿಗೆ ಹೋಗಬೇಕು. ನೀನು ಈ ಮನೆಯವಳಲ್ಲ ಎಂಬ ಮಾತು ಮಗುವಿನ ಕಿವಿಗೆ ಯಾವ ಕಡೆಯಿಂದಲೂ ಬೀಳಬಾರದು. ಇನ್ನೊಂದು ಮಾತನ್ನೂ ಒತ್ತಿ ಹೇಳಿದೆ. "ನಮ್ಮಲ್ಲಿ ಹಾಗೇ" ಎಂದು ಮಾತು ಮುಗಿಸುವಂತಿಲ್ಲ. ಹಾಗೆ ಆಗದಿದ್ದರೆ ನನಗೆ ಏನು ಕಳೆದುಹೋಗುತ್ತದೆ ಎಂಬುದನ್ನೂ ಹೇಳಬೇಕು.

ಪತ್ತನಾಜೆಗೆ ಮುಂಚೆ ನೇಮ ಆಯಿತು. ಆತ ಹೋದ, ರಾತ್ರಿಯಿಡೀ ಕೂತ. ಮುಡಿಯ ದಿನ ಮುಂದಕ್ಕೆ ಹೋಗಿದ್ದಕ್ಕೆ ಅತ್ತೆ ಇನ್ನೂ ಸೊಸೆಯೊಂದಿಗೆ ಸರಿಯಾಗಿ ಮಾತಾಡುತ್ತಿಲ್ಲ. ಅವರ ಸಿಟ್ಟನ್ನು ನಾನು ಹಗುರವಾಗಿ ನೋಡುವುದಿಲ್ಲ. ತವರು ಬಿಟ್ಟು ಬಂದವರು, ಬಿಡದ ಸೊಸೆಯನ್ನು ದಿನಾ ಎದುರಿಗೆ ನೋಡುತ್ತಿದ್ದಾರೆ. ಮುಂದಿನ ಸಲ ಅವರನ್ನೂ ಕರೆತರಲು ಹೇಳಿದ್ದೇನೆ. ಅವರಿಗೂ ಒಂದು ಹಾಳೆ ಕೊಡಬೇಕು. ತವರಿನಿಂದ ಶುರುಮಾಡಿ ಎಂದು ಈ ಸಲ ನಾನೇ ಹೇಳುತ್ತೇನೆ.