ಜಾವಾಸ್ಕ್ರಿಪ್ಟ್‌ನಾಗ 30 ಬಟನ್‌ಗೆ ಕ್ಲಿಕ್ ಲಿಸನರ್ (ಕ್ಲಿಕ್ ಆದಾಗ ಓಡೋ ಕೋಡ್) ಹಾಕೋದು ಹೆಂಗ?

ಕಲಬುರಗಿ ತೊಗರಿ ಬೇಳೆ ಮಾರೋ ಪುಟದಾಗ 30 ಸಾಲು, ಸಾಲಿಗೊಂದು ‘ಚೀಲಕ್ಕೆ ಹಾಕು’ ಬಟನ್, ಆದ್ರ ಮೊದಲನೇದಷ್ಟೇ ಕೆಲಸ ಮಾಡ್ತದ ಅಂತ ಕೇಳೀರಿ.

ಪುಟದಾಗ ಎಲಿಮೆಂಟ್ (ಬಟನ್‌ನಂಥ ಭಾಗ) ಹುಡುಕೋ ಕ್ವೆರಿಸೆಲೆಕ್ಟರ್, ಸಿಕ್ಕ ಮೊದಲನೇದಷ್ಟೇ ಕೊಡ್ತದ ನೋಡ್ರಿ. ಕ್ವೆರಿಸೆಲೆಕ್ಟರ್‌ಆಲ್ ಬಳಸ್ರಿ, ಎಲ್ಲಾ ಬರ್ತಾವ. ಆದ್ರ ಅದು ಕೊಡೋದು ನೋಡ್‌ಲಿಸ್ಟ್, ಅಂದ್ರ ಎಲಿಮೆಂಟ್‌ಗಳ ಪಟ್ಟಿ. ಆ ಪಟ್ಟಿ ಮ್ಯಾಲ ನೇರ ಆ್ಯಡ್‌ಇವೆಂಟ್‌ಲಿಸನರ್ (ಲಿಸನರ್ ಜೋಡಿಸೋ ಫಂಕ್ಷನ್) ಕರೆದ್ರ ಎರರ್ ಬರ್ತದ. ಫಾರ್‌ಈಚ್ ಲೂಪ್‌ನಾಗ ಒಂದೊಂದು ಬಟನ್‌ಗೂ ಬ್ಯಾರೆ ಜೋಡಿಸಬೇಕು.

ನಾನಾದ್ರ ಹಿಂಗ ಮಾಡಂಗಿಲ್ರಿ. ನಾಳೆ ಜೋಳ, ಕಡ್ಲಿ ಅಂತ ಹೊಸ ಸಾಲು ಸೇರಿಸಿದ್ರ, ಅವಕ್ಕೆ ಲಿಸನರ್ ಇರಂಗಿಲ್ಲ. ಅದಕ್ಕ ಎಲ್ಲಾ ಸಾಲು ಸುತ್ತುವರಿದ ಹೊರಗಿನ ಡಿವ್‌ಗೆ (ಡಬ್ಬಿಯಂಥ ಎಲಿಮೆಂಟ್) ಒಂದೇ ಲಿಸನರ್ ಹಾಕ್ರಿ. ಕ್ಲಿಕ್ ಒಳಗಿಂದ ಮ್ಯಾಲಕ್ಕ ಏರಿ ಬರ್ತದ, ಅಂದ್ರ ಬಬ್ಲಿಂಗ್. ಯಾವ ಬಟನ್ ಅಂತ ತಿಳೀಲಿಕ್ಕೆ ಇವೆಂಟ್‌ನ ಟಾರ್ಗೆಟ್ (ಒತ್ತಿದ ಎಲಿಮೆಂಟ್) ಮ್ಯಾಲ ಕ್ಲೋಸೆಸ್ಟ್ ಕರೀರಿ; ಅದು ಅಲ್ಲಿಂದ ಮ್ಯಾಲಕ್ಕ ಹುಡುಕಿ ಹತ್ತಿರದ ಬಟನ್ ಕೊಡ್ತದ. ಟಾರ್ಗೆಟ್ ಒಂದನ್ನೇ ನಂಬಬ್ಯಾಡ್ರಿ: ಬಟನ್ ಒಳಗಿನ ಐಕಾನ್ ಒತ್ತಿದ್ರ ಟಾರ್ಗೆಟ್ ಆ ಐಕಾನೇ ಆಗ್ತದ. (ಇದ್ರಾಗ ನಾನೂ ಒಂದು ಸಂಜೆ ಕಳ್ಕೊಂಡೀನಿ.) ಕ್ಲೋಸೆಸ್ಟ್ ನಲ್ (ಏನೂ ಸಿಗಲಿಲ್ಲ) ಅಂತ ಕೊಟ್ರ, ಬಟನ್ ಬಿಟ್ಟು ಬ್ಯಾರೆ ಜಾಗ ಒತ್ಯಾರ ಅಂತ, ಅಲ್ಲೇ ರಿಟರ್ನ್ ಮಾಡ್ರಿ. ಯಾವ ಬೇಳೆ ಅಂತ ಗುರುತಿಸೋ ಐಡಿ ಬಟನ್‌ನ ಡೇಟಾಸೆಟ್‌ನಾಗ (ಬಟನ್ ಜೊತಿಗೆ ಮಾಹಿತಿ ಇಡೋ ಜಾಗ) ಇಡ್ರಿ.

ಆದ್ರ ಫೋಕಸ್ ಇವೆಂಟ್ ಕ್ಲಿಕ್‌ನಂಗ ಮ್ಯಾಲೇರಂಗಿಲ್ಲ. ಅಲ್ಲಿ ಫೋಕಸ್‌ಇನ್ ಬಳಸ್ರಿ.